ಯೋಜನಕ್ಕೆ ಎಷ್ಟು ಆಂಗ್‌ಸ್ಟ್ರಾಂ? ಮೊದಲು ಮೊಳ ಯಾವುದೆಂದು ಹೇಳಿ

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷಗಳಿಂದ ಗ್ರೈಂಡಿಂಗ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೇನೆ. ಹೈಡ್ರಾಲಿಕ್ ವಾಲ್ವುಗಳ ಒಳಗಿನ ದಂಡಗಳನ್ನು ಐದು ಮೈಕ್ರಾನಿನ ಮಿತಿಯೊಳಗೆ ತರುವುದು ನನ್ನ ನಿತ್ಯದ ಕೆಲಸ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ಪರಮಾಣುವಿನಿಂದ ಯೋಜನದವರೆಗೆ’ ಎಂಬ ಫಲಕ ಮಾಡುತ್ತಿದ್ದಾಳೆ. ಒಂದು ಯೋಜನಕ್ಕೆ ಎಷ್ಟು ಆಂಗ್‌ಸ್ಟ್ರಾಂ ಎಂದು ಮೊಬೈಲಿನಲ್ಲಿ ನೋಡಿದರೆ ಒಂದು ಪರಿವರ್ತಕ 12,87,47,52,00,00,000 ಎನ್ನುತ್ತದೆ, ಇನ್ನೊಂದು 14,63,04,00,00,00,000 ಎನ್ನುತ್ತದೆ. ಯಾವುದು ಸರಿ? ಇನ್ನೊಂದು ಸಂಶಯ. ಬೈಲಹೊಂಗಲದ ಕಡೆ ಇರುವ ನಮ್ಮ ಹೊಲದ ಹಳೆಯ ಟಿಪ್ಪಣಿಯಲ್ಲಿ ಒಂದು ಬದುವಿನ ಉದ್ದ ‘12 ಸರಪಳಿ 6 ಆಣೆ’ ಎಂದಿದೆ. ಅದನ್ನು ಮೀಟರಿಗೆ ತರುವುದು ಹೇಗೆ?

ಉತ್ತರ: ಎರಡು ಪರಿವರ್ತಕಗಳ ಗುಣಾಕಾರವೂ ಸರಿಯಾಗಿದೆ. ಮೊದಲನೆಯದು ಯೋಜನವನ್ನು ಎಂಟು ಮೈಲಿ ಎಂದು ಹಿಡಿದಿದೆ. ಎರಡನೆಯದು ಹದಿನೆಂಟು ಇಂಚಿನ ಮೊಳದಿಂದ ಹೊರಟು, ನಾಲ್ಕು ಮೊಳಕ್ಕೆ ಒಂದು ದಂಡ, ಎಂಟು ಸಾವಿರ ದಂಡಕ್ಕೆ ಒಂದು ಯೋಜನ ಎಂದು ಏರಿದೆ. ಎರಡೂ ತಾವು ಹಿಡಿದ ಯೋಜನ ಯಾವುದೆಂದು ಹೇಳದೆ ಹದಿನೈದು ಅಂಕಿಗಳನ್ನು ನಿಮ್ಮ ಮುಂದಿಟ್ಟಿವೆ. ನನ್ನ ತಕರಾರು ಇರುವುದು ಅಲ್ಲಿ. ಐದು ಮೈಕ್ರಾನಿಗಾಗಿ ದಿನವಿಡೀ ಕಣ್ಣು ಕಿರಿದು ಮಾಡಿ ಕೂರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಳತೆಪಟ್ಟಿಯಿಂದ ಅಳೆದ ತುಂಡಿಗೆ ಮೈಕ್ರಾನ್ ಲೆಕ್ಕ ಬರೆದರೆ ನಿಮ್ಮ ಗುಣಮಟ್ಟ ಪರೀಕ್ಷಕರು ಒಪ್ಪುತ್ತಾರೆಯೇ?

ಮಗಳ ಫಲಕಕ್ಕೆ ನೇರ ಉತ್ತರ ಬೇಕಿದ್ದರೆ ಹೀಗೆ ಬರೆಯಿಸಿ: ‘ಒಂದು ಯೋಜನ ಸುಮಾರು ಒಂದೂವರೆ ಕೋಟಿ ಕೋಟಿ ಆಂಗ್‌ಸ್ಟ್ರಾಂ, ಮೊಳವನ್ನು 18 ಇಂಚು ಎಂದು ಹಿಡಿದರೆ’. ಆ ಕೊನೆಯ ಐದು ಪದಗಳನ್ನು ಬಿಡಬೇಡಿ. ಅವು ಇಲ್ಲದಿದ್ದರೆ ಮೊದಲಿನ ಸಂಖ್ಯೆಗೆ ಆಧಾರವೇ ಇರುವುದಿಲ್ಲ.

ಕೋಟಿ ಕೋಟಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಇಂಥ ಲೆಕ್ಕಕ್ಕೆ ನಮ್ಮ ಎಣಿಕೆಯ ಹೆಸರುಗಳು ಬಹಳ ಒಗ್ಗುತ್ತವೆ. ಆಂಗ್‌ಸ್ಟ್ರಾಂ ಎಂದರೆ ಒಂದು ಮೀಟರನ್ನು ಲಕ್ಷ ಲಕ್ಷ ಭಾಗ ಮಾಡಿದಾಗ ಸಿಗುವ ಒಂದು ಭಾಗ, ಅಂದರೆ 10ರ 10ನೆಯ ಘಾತದಲ್ಲಿ ಒಂದಂಶ. ಭಾಸ್ಕರಾಚಾರ್ಯರು 1150ರ ಲೀಲಾವತಿ ಎಂಬ ಗಣಿತ ಗ್ರಂಥದಲ್ಲಿ ಹತ್ತರ ಘಾತಗಳಿಗೆ ಕೊಟ್ಟ ಹೆಸರುಗಳ ಸಾಲಿನಲ್ಲಿ ಹತ್ತನೆಯ ಘಾತ ‘ಖರ್ವ’, ಹದಿನಾಲ್ಕನೆಯದು ‘ಜಲಧಿ’. ಒಂದು ಮೀಟರಿಗೆ ಒಂದು ಖರ್ವ ಆಂಗ್‌ಸ್ಟ್ರಾಂ, ಒಂದು ಯೋಜನಕ್ಕೆ ಒಂದೂವರೆ ಜಲಧಿ. ಇಷ್ಟು ದೊಡ್ಡ ಸಂಖ್ಯೆಗೆ ಕಡಲಿನ ಹೆಸರು ಇಟ್ಟವರ ಬಗ್ಗೆ ನನಗೆ ಬಹಳ ಪ್ರೀತಿ. ಫಲಕದಲ್ಲಿ ಸೊನ್ನೆಗಳ ಸಾಲು ಬರೆಯುವ ಬದಲು ಈ ಎರಡು ಹೆಸರು ಬರೆದರೆ ನೋಡುವವರು ನಿಂತು ಓದುತ್ತಾರೆ.

ಲೆಕ್ಕದ ದಾರಿ ಸರಳವಾಗಿದೆ. ಯಾವ ಸಣ್ಣ ಮಾನವನ್ನೂ ಯಾವ ದೊಡ್ಡ ಮಾನಕ್ಕೂ ನೇರವಾಗಿ ಜಿಗಿಸಬೇಡಿ. ಮೊದಲು ಮೀಟರಿಗೆ ಬನ್ನಿ, ಮೀಟರಿನಿಂದ ಆಚೆ ಹೋಗಿ. ಮಿಲಿಮೀಟರ್, ಮೈಕ್ರಾನ್, ನ್ಯಾನೋಮೀಟರ್ ಎಂದು ಪ್ರತಿ ಮೆಟ್ಟಿಲಿಗೆ ಸಾವಿರ ಪಾಲು ಇಳಿಯುತ್ತೀರಿ. ಆಂಗ್‌ಸ್ಟ್ರಾಂ ಮಾತ್ರ ಆ ಸಾವಿರದ ಸಾಲಿಗೆ ಸೇರದೆ ನ್ಯಾನೋಮೀಟರಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿದೆ. ಮನೆಯಲ್ಲಿ ಮಾಡುವ ಲೆಕ್ಕಗಳಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಈ ಹತ್ತರ ಕಡೆಯಿಂದ. ನಿಮ್ಮ ಐದು ಮೈಕ್ರಾನ್ ಎಂದರೆ ಐವತ್ತು ಸಾವಿರ ಆಂಗ್‌ಸ್ಟ್ರಾಂ.

ಅಂಕಿಗಳ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಊರಿನ ಒಂದು ಸಂಖ್ಯೆ ಕಾರಣ. ನಾನು ಇರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಜಲಾಶಯದ ಎತ್ತರ ನಮಗೆ ಮನೆಮಾತು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಚಹಾದಂಗಡಿಯಲ್ಲಿಯೂ ಈ ಸಂಖ್ಯೆಯನ್ನು ಕೊನೆಯ ಆರರವರೆಗೆ ತಪ್ಪದೆ ಹೇಳುವವರಿದ್ದಾರೆ. ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: ‘ಸರ್, ಗಾಳಿ ಬೀಸಿದರೆ ಜಲಾಶಯದಲ್ಲಿ ಅಡಿ ಎತ್ತರದ ತೆರೆ ಏಳುತ್ತದೆ. ಅಲ್ಲಿ ಆರು ಮಿಲಿಮೀಟರನ್ನು ಯಾರು ಅಳೆದರು?’ ಆಗ ನಾನು ಕರಿಹಲಗೆಯ ಮೇಲೆ 524.256ನ್ನು 0.3048ರಿಂದ ಭಾಗಿಸಿ ತೋರಿಸಿದೆ. ಬಂದ ಉತ್ತರ 1720, ಶೇಷವೇ ಇಲ್ಲ. ಅದು 1720 ಅಡಿ. ಅಡಿಯಲ್ಲಿ ದುಂಡಾಗಿದ್ದ ಸಂಖ್ಯೆ ಮೀಟರಿಗೆ ಬಂದಾಗ ಮೂರು ದಶಮಾಂಶ ಸ್ಥಾನಗಳನ್ನು ಹೊತ್ತುಕೊಂಡಿತು. ಆ ಮೂರು ಅಂಕಿಗಳು ಗುಣಾಕಾರದಿಂದ ಬಂದವು, ನೀರಿನ ಬಳಿ ನಿಂತು ಯಾರೂ ಅವನ್ನು ಅಳೆದು ತಂದಿಲ್ಲ. ಹಳ್ಳಿ, ಹೊಲ, ಮನೆ ಮುಳುಗಡೆಯಾಗುವ ಗೆರೆಯನ್ನು ಹೇಳುವ ಸಂಖ್ಯೆಯಾದ್ದರಿಂದ ಅದರ ಒಂದೊಂದು ಅಂಕಿಯೂ ಎಲ್ಲಿಂದ ಬಂತೆಂದು ನಮ್ಮ ಜನರಿಗೆ ಗೊತ್ತಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಅಲ್ಲಿ ಭಾಗಾಕಾರ ಶೇಷವಿಲ್ಲದೆ ಮುಗಿದದ್ದಕ್ಕೆ ಕಾರಣವಿದೆ. ಅಡಿ ಮತ್ತು ಮೀಟರ್ ನಡುವಿನ ಸಂಬಂಧ ಅಳತೆ ಮಾಡಿ ಕಂಡುಕೊಂಡದ್ದಲ್ಲ. 1959ರಲ್ಲಿ ಇಂಗ್ಲಿಷ್ ಮಾನ ಬಳಸುವ ದೇಶಗಳು ಕೂಡಿ ಇಂಚು ಎಂದರೆ 25.4 ಮಿಲಿಮೀಟರ್, ಗಜ ಎಂದರೆ 0.9144 ಮೀಟರ್ ಎಂದು ಗೊತ್ತುಮಾಡಿದವು. ಹಾಗಾಗಿ ಮೈಲಿ ಎಂದರೆ 1609.344 ಮೀಟರ್, ಫರ್ಲಾಂಗ್ ಎಂದರೆ 201.168 ಮೀಟರ್, ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಡಿಮೆಯಿಲ್ಲ. ಆಂಗ್‌ಸ್ಟ್ರಾಂ ಕೂಡ ಅಷ್ಟೇ. ಮೊದಲು ಅದನ್ನು ಕ್ಯಾಡ್ಮಿಯಂ ಬೆಳಕಿನ ಕೆಂಪು ಗೆರೆಯಿಂದ ನಿರ್ಧರಿಸುತ್ತಿದ್ದರು, 1960ರಿಂದ ಅದು ಮೀಟರಿಗೆ ಕಟ್ಟಿದ ಸಂಖ್ಯೆ. ಮೀಟರನ್ನು 1983ರಿಂದ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ನಿರ್ವಾತದಲ್ಲಿ ಸಾಗುವ ದೂರ ಎಂದು ಹೇಳುತ್ತೇವೆ. ಈ ಸಾಲಿನಲ್ಲಿ ಎಲ್ಲ ಗಂಟುಗಳೂ ಬಿಗಿಯಾಗಿವೆ. ಒಂದು ಫರ್ಲಾಂಗಿಗೆ 2.01168 ಗುಣಿಸು 10ರ 12ನೆಯ ಘಾತ ಆಂಗ್‌ಸ್ಟ್ರಾಂ ಎಂದು ಮಗಳು ಬರೆದರೆ ಪ್ರತಿ ಅಂಕಿಗೂ ಆಧಾರವಿದೆ.

ಯೋಜನ, ಕ್ರೋಶ, ಗಾವುದ, ಹರದಾರಿಗಳನ್ನು ಯಾವ ದೇಶದ ಒಪ್ಪಂದವೂ ಮೀಟರಿಗೆ ಕಟ್ಟಿಲ್ಲ. ಹರದಾರಿಗೆ ಸುಮಾರು ಮೂರು ಮೈಲಿ, ಗಾವುದಕ್ಕೆ ಸುಮಾರು ಹನ್ನೆರಡು ಮೈಲಿ ಎಂದು ಹಿಡಿಯುವುದು ವಾಡಿಕೆ. ಮೂರು ಮೈಲಿ ಎಂದರೆ ಆರೋಗ್ಯವಂತ ಮನುಷ್ಯ ಒಂದು ತಾಸಿನಲ್ಲಿ ನಡೆಯುವ ದೂರ. ಇಂಗ್ಲಿಷರ ಹಳೆಯ ‘ಲೀಗ್’ ಕೂಡ ಮೂರು ಮೈಲಿಯೇ. ‘ನಮ್ಮೂರಿನಿಂದ ಎಲ್ಲಮ್ಮನ ಗುಡ್ಡ ನಾಲ್ಕು ಹರದಾರಿ’ ಎನ್ನುತ್ತಿದ್ದ ಹಿರಿಯರು ನಡಿಗೆಯ ಹೊತ್ತನ್ನು ಹೇಳುತ್ತಿದ್ದರು. ಅದನ್ನು ಮೀಟರಿನ ದಶಮಾಂಶಕ್ಕೆ ಇಳಿಸುವುದು ಆ ಮಾತಿಗೆ ಮಾಡುವ ಅನ್ಯಾಯ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಹರದಾರಿಯಲ್ಲಿ ನಾಲ್ಕೂವರೆ, ಹದಿನೆಂಟು ಇಂಚಿನ ಮೊಳದ ಯೋಜನದಲ್ಲಿ ಒಂದೂವರೆ, ಆಂಗ್‌ಸ್ಟ್ರಾಂ ಲೆಕ್ಕದಲ್ಲಿ ಎರಡು ಜಲಧಿಗಿಂತ ತುಸು ಹೆಚ್ಚು. ಇದಕ್ಕಿಂತ ಸೂಕ್ಷ್ಮವಾದ ಉತ್ತರಕ್ಕೆ ಇಲ್ಲಿ ಜಾಗವಿಲ್ಲ.

ಕ್ರೋಶ ಎಂಬ ಮಾತಿನ ಹುಟ್ಟು ನನಗೆ ಬಹಳ ಇಷ್ಟ. ಅದು ಕೂಗು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ನಾವು ಇಂದಿಗೂ ‘ಕೂಗಳತೆಯ ದೂರ’ ಎನ್ನುತ್ತೇವಲ್ಲ, ಅದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಜಾಗದಲ್ಲಿರುವ ಮಾನದ ಹೆಸರು ‘ಗೋರುತ’, ಹಸುವಿನ ಕೂಗು. ಆ ಗ್ರಂಥದ ತಾಳೆಗರಿಯ ಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಮೊಳ ಒಂದೇ ಅಲ್ಲ. ಸಾಮಾನ್ಯ ಮೊಳಕ್ಕೆ 24 ಅಂಗುಲ (ಅಂಗುಲ ಎಂದರೆ ನಡುಬೆರಳಿನ ಅಗಲ), ಹುಲ್ಲುಗಾವಲು ಅಳೆಯಲು 28, ಮರ ಕೊಯ್ಯುವವರಿಗೂ ಕಮ್ಮಾರರಿಗೂ 42, ಕಾಡು ಅಳೆಯಲು 54. ಕೆಲಸಕ್ಕೊಂದು ಮೊಳ. ನಮ್ಮ ಭಾಗದ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಅಲ್ಲಿ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಭೂಮಿ ದತ್ತಿ ಕೊಡುವಾಗ ಯಾವ ಗಳೆಯಿಂದ, ಅಂದರೆ ಯಾವ ಅಳತೆಗೋಲಿನಿಂದ, ಅಳೆದದ್ದು ಎಂದೂ ಕೆತ್ತಿಸುತ್ತಿದ್ದರು. ಸೀಮೆಯಿಂದ ಸೀಮೆಗೆ ಗಳೆಯ ಉದ್ದ ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಂದಿನ ಪರಿವರ್ತಕಗಳಿಂದಲೂ ನಾನು ಕೇಳುವುದು ಅಷ್ಟನ್ನೇ, ಗಳೆಯ ಹೆಸರು ಹೇಳಲಿ.

ಲೀಲಾವತಿಯ ಪಟ್ಟಿ ಎಲ್ಲಕ್ಕಿಂತ ಅಚ್ಚುಕಟ್ಟಾಗಿದೆ. ಎಂಟು ಜವೆಯ ಹೊಟ್ಟೆಗಳಿಗೆ ಒಂದು ಅಂಗುಲ, 24 ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಜವೆ ಎಂದರೆ ಜವೆಗೋಧಿ, ಹಸ್ತ ಎಂದರೆ ಮೊಳ, ದಂಡ ಎಂದರೆ ನಮ್ಮ ಮಾರಿನಷ್ಟು. ಗುಣಿಸುತ್ತ ಹೋದರೆ ಒಂದು ಯೋಜನಕ್ಕೆ 7,68,000 ಅಂಗುಲ. ಈ ಸಂಖ್ಯೆ ಗಟ್ಟಿ. ಅಂಗುಲ ಮಾತ್ರ ಮೆದು. ಹದಿನೆಂಟು ಇಂಚಿನ ಮೊಳ ಹಿಡಿದರೆ ಅಂಗುಲ 19.05 ಮಿಲಿಮೀಟರ್, ಯೋಜನ 14.63 ಕಿಲೋಮೀಟರ್. ಆದರೆ ಬೆರಳುಗಳು 16 ಮಿಲಿಮೀಟರಿನವೂ ಇವೆ, 21ರವೂ ಇವೆ. ಮೊದಲನೆಯ ಬೆರಳಿಗೆ ಯೋಜನ 12.3 ಕಿಲೋಮೀಟರ್, ಎರಡನೆಯದಕ್ಕೆ 16.1. ಬೆರಳಿನ ಐದು ಮಿಲಿಮೀಟರ್ ದಾರಿಯ ಸುಮಾರು ನಾಲ್ಕು ಕಿಲೋಮೀಟರ್ ಆಗಿಬಿಡುತ್ತದೆ. ನಿಮ್ಮ ಎರಡು ಪರಿವರ್ತಕಗಳ ಉತ್ತರಗಳೂ ಈ ಹರವಿನ ಒಳಗೇ ಬೀಳುತ್ತವೆ.

ಭಾಸ್ಕರಾಚಾರ್ಯರು ತಮ್ಮ ಊರನ್ನು ಸಹ್ಯಪರ್ವತದ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹಲವರು ಬರೆದಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ ಬಳಿಯದು ಎಂದು ಇನ್ನು ಹಲವರು ವಾದಿಸಿದ್ದಾರೆ. ವಿಜಯಪುರದ ಮೇಲಿನ ಅಭಿಮಾನ ನನಗೂ ಇದೆ, ಆದರೆ ಸಹ್ಯಾದ್ರಿ ಅಲ್ಲಿಂದ ದೂರ ಎಂಬುದನ್ನು ಮರೆಯಲಾರೆ.

ಈಗ ಪಟ್ಟಿಯ ಇನ್ನೊಂದು ತುದಿಗೆ, ಸಣ್ಣದರ ಕಡೆಗೆ ಬರೋಣ. ಮಗಳ ಫಲಕದ ಹೆಸರಿನಲ್ಲಿಯೇ ಪರಮಾಣು ಇದೆ, ಹಾಗಾಗಿ ಇದನ್ನು ತುಸು ನಿಧಾನವಾಗಿ ಹೇಳಬೇಕು. ಆರನೆಯ ಶತಮಾನದ ವರಾಹಮಿಹಿರ ಕಿಟಕಿಯ ಸಂದಿನಿಂದ ಬರುವ ಬಿಸಿಲಿನಲ್ಲಿ ತೇಲುವ ಅತಿ ಸಣ್ಣ ಧೂಳಿನಿಂದ ಮಾನಗಳನ್ನು ಆರಂಭಿಸುತ್ತಾನೆ. ಪರಮಾಣು, ರಜ, ಕೂದಲಿನ ತುದಿ, ಸೀರು (ಹೇನಿನ ಮೊಟ್ಟೆ), ಹೇನು, ಜವೆ, ಅಂಗುಲ. ಪ್ರತಿಯೊಂದೂ ಹಿಂದಿನದರ ಎಂಟರಷ್ಟು. ಆರು ಮೆಟ್ಟಿಲಾದ್ದರಿಂದ ಅಂಗುಲಕ್ಕೆ 2,62,144 ಪರಮಾಣು. 19.05 ಮಿಲಿಮೀಟರನ್ನು ಅದರಿಂದ ಭಾಗಿಸಿದರೆ ಸುಮಾರು 73 ನ್ಯಾನೋಮೀಟರ್, ಅಂದರೆ 730 ಆಂಗ್‌ಸ್ಟ್ರಾಂ. ಇಂದಿನ ರಸಾಯನಶಾಸ್ತ್ರದ ಪರಮಾಣುವಿನ ಅಗಲ ಒಂದರಿಂದ ಐದು ಆಂಗ್‌ಸ್ಟ್ರಾಂ ಆಸುಪಾಸು. ಹೆಸರು ಒಂದೇ, ವಸ್ತು ಬೇರೆ. ಫಲಕದಲ್ಲಿ ಇವೆರಡನ್ನು ಒಂದೇ ಸಾಲಿನಲ್ಲಿ ಇಡಿಸಬೇಡಿ.

ಕೌಟಿಲ್ಯನ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕಡಿಮೆ. ಎಂಟು ಪರಮಾಣುವಿಗೆ ರಥದ ಗಾಲಿ ಎಬ್ಬಿಸಿದ ಒಂದು ಧೂಳಿನ ಕಣ, ಅಲ್ಲಿಂದ ಸೀರು, ಹೇನು, ಜವೆ, ಅಂಗುಲ. ಅಂಗುಲಕ್ಕೆ 32,768 ಪರಮಾಣು, ಒಂದರ ಉದ್ದ ಸುಮಾರು 580 ನ್ಯಾನೋಮೀಟರ್. ಹಳದಿ ಬೆಳಕಿನ ತರಂಗಾಂತರವೂ ಸುಮಾರು 580 ನ್ಯಾನೋಮೀಟರ್. ‘ನೋಡಿ, ಆಗಲೇ ಬೆಳಕಿನ ತರಂಗವನ್ನು ಅಳೆದಿದ್ದರು’ ಎಂಬ ಸಂದೇಶ ಮೊಬೈಲಿನಲ್ಲಿ ಓಡಾಡಲು ಇಷ್ಟು ಸಾಕು. ದಯವಿಟ್ಟು ಮಗಳಿಗೆ ಹೀಗೆ ಕಲಿಸಬೇಡಿ. ಅದೇ ಪಟ್ಟಿಯ ಸೀರನ್ನು ಲೆಕ್ಕ ಹಾಕಿ ನೋಡಿ. ಅಂಗುಲದ 512ನೆಯ ಒಂದು ಭಾಗ, 37 ಮೈಕ್ರಾನ್. ನಿಜವಾದ ಸೀರಿನ ಉದ್ದ ಮುಕ್ಕಾಲು ಮಿಲಿಮೀಟರಿಗೂ ಹೆಚ್ಚು, ಇಪ್ಪತ್ತರಷ್ಟು ದೊಡ್ಡದು. ಪಟ್ಟಿಯ ಹೇನು 0.3 ಮಿಲಿಮೀಟರ್, ತಲೆಯ ಹೇನು ಎರಡು ಮೂರು ಮಿಲಿಮೀಟರ್. ಜವೆಗೆ ಬಂದಾಗ ಮಾತ್ರ, 2.4 ಮಿಲಿಮೀಟರಿಗೆ, ಪಟ್ಟಿ ಕಾಳಿನ ನಿಜವಾದ ಅಗಲದ ಹತ್ತಿರ ಬರುತ್ತದೆ. ನನಗೆ ಇದರಿಂದ ಕಾಣುವುದು ಇಷ್ಟು: ಜವೆ ಮತ್ತು ಬೆರಳನ್ನು ಅವರು ಕೈಯಲ್ಲಿ ಹಿಡಿದು ಅಳೆದರು, ಅದರ ಕೆಳಗೆ ಎಂಟೆಂಟರಿಂದ ಮನಸ್ಸಿನಲ್ಲಿ ಭಾಗಿಸುತ್ತ ಹೋದರು. ಕಣ್ಣಿಗೆ ಕಾಣದ ಕಡೆಗೂ ಎಣಿಕೆಯ ನಿಯಮ ಮುಂದುವರಿಯಬಲ್ಲದು ಎಂದು ಅವರು ನಂಬಿದ್ದು ದೊಡ್ಡ ಸಾಧನೆ. ಆ ಸಾಧನೆ ಇರುವ ಹಾಗೆಯೇ ಚೆಂದವಾಗಿದೆ, ಅದಕ್ಕೆ ಸುಳ್ಳಿನ ಒಡವೆ ತೊಡಿಸಬೇಕಿಲ್ಲ.

ಇದೇ ಬಗೆಯ ಇನ್ನೊಂದು ತಪ್ಪು ದೊಡ್ಡ ಮಾನಗಳ ಕಡೆಯೂ ಇದೆ. ಭಾಸ್ಕರಾಚಾರ್ಯರು ಭೂಮಿಯ ಸುತ್ತಳತೆ 4,967 ಯೋಜನ ಎಂದಿದ್ದಾರೆ. ನಿಜವಾದ ಸುತ್ತಳತೆ 40,075 ಕಿಲೋಮೀಟರನ್ನು 4,967ರಿಂದ ಭಾಗಿಸಿ, ‘ಯೋಜನ ಎಂದರೆ 8.07 ಕಿಲೋಮೀಟರ್’ ಎಂದು ಹೇಳುವವರಿದ್ದಾರೆ. ಆಮೇಲೆ ಅವರೇ, ‘ಯೋಜನಕ್ಕೆ 8.07 ಕಿಲೋಮೀಟರ್ ಎಂದು ಹಿಡಿದರೆ ಭಾಸ್ಕರರ ಸುತ್ತಳತೆ ಕರಾರುವಾಕ್ಕಾಗಿದೆ’ ಎನ್ನುತ್ತಾರೆ. ಉತ್ತರವನ್ನು ತಕ್ಕಡಿಯ ಕಲ್ಲಾಗಿ ಇಟ್ಟು ಉತ್ತರವನ್ನೇ ತೂಗಿದ ಹಾಗೆ. 8.07 ಕಿಲೋಮೀಟರಿನ ಯೋಜನಕ್ಕೆ ಲೀಲಾವತಿಯ ಪಟ್ಟಿಯಿಂದ ಅಂಗುಲ ಹತ್ತೂವರೆ ಮಿಲಿಮೀಟರ್ ಬರುತ್ತದೆ. ಅಷ್ಟು ಸಣ್ಣ ನಡುಬೆರಳು ಕೂಸಿಗೆ ಇರುತ್ತದೆ, ಬೆಳೆದವರಿಗೆ ಇರುವುದಿಲ್ಲ. ಆರ್ಯಭಟನು 499ರಲ್ಲಿ ಭೂಮಿಯ ವ್ಯಾಸ 1,050 ಯೋಜನ ಎಂದರೆ ಭಾಸ್ಕರರು 1,581 ಎಂದರು. ಭೂಮಿ ಒಂದೇ, ಯೋಜನಗಳ ಎಣಿಕೆ ಒಂದೂವರೆ ಪಟ್ಟು ಬೇರೆ. ಖಗೋಳದವರ ಯೋಜನ ಒಂದೇ ಉದ್ದದ್ದಾಗಿರಲಿಲ್ಲ ಎಂಬುದನ್ನು ಒಪ್ಪಿಕೊಂಡರೆ ಇಬ್ಬರ ಗೌರವವೂ ಉಳಿಯುತ್ತದೆ.

ಸಣ್ಣ ಮಾನಗಳ ಕಡೆ ಬಿಗಿಯಾದ ವ್ಯಾಖ್ಯೆ ಇದೆ ಎಂದ ಮಾತ್ರಕ್ಕೆ ನಾವು ನಿಶ್ಚಿಂತರಲ್ಲ. ನಿಮ್ಮ ಯಂತ್ರವನ್ನೇ ತೆಗೆದುಕೊಳ್ಳಿ. ಉದ್ದದ ಕೈಗಾರಿಕಾ ಅಳತೆಗಳಿಗೆ ಜಗತ್ತು ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಹನ್ನೊಂದೂವರೆ ಭಾಗ ಹಿಗ್ಗುತ್ತದೆ. 100 ಮಿಲಿಮೀಟರಿನ ತುಂಡು ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 17 ಮೈಕ್ರಾನಿನಷ್ಟು ಹೆಚ್ಚು ಉದ್ದವಾಗಿರುತ್ತದೆ, ನಿಮ್ಮ ಮಿತಿಯ ಮೂರು ಪಟ್ಟಿಗೂ ಹೆಚ್ಚು. ಗೇಜೂ ತುಂಡೂ ಒಂದೇ ಉಕ್ಕಿನವಾಗಿ, ಒಂದೇ ಮೇಜಿನ ಮೇಲೆ ಹೊತ್ತು ಕಳೆದು ಒಂದೇ ಬಿಸಿಗೆ ಬಂದಿದ್ದರೆ ತಪ್ಪು ತಪ್ಪನ್ನು ಕಳೆಯುತ್ತದೆ. ಯಂತ್ರದಿಂದ ಆಗಷ್ಟೇ ಇಳಿದ ಬಿಸಿ ತುಂಡನ್ನು ಅಳೆದು ಅದನ್ನು ಆಂಗ್‌ಸ್ಟ್ರಾಂಗೆ ಪರಿವರ್ತಿಸಿದರೆ, ಪರಿವರ್ತನೆ ಎಷ್ಟೇ ನಿಖರವಾಗಿರಲಿ, ಕೈಗೆ ಬರುವುದು ಆ ಕ್ಷಣದ ಬಿಸಿಯ ಲೆಕ್ಕ.

ಹೆಸರುಗಳ ಗೊಂದಲವೂ ಸಣ್ಣದಲ್ಲ. ಅಮೆರಿಕದ ನಕಾಶೆಗಳಲ್ಲಿ ‘ಮಿಲ್’ ಎಂದರೆ ನಮ್ಮ ಕಾರ್ಖಾನೆಗಳ ಥೌ, ಇಂಚಿನ ಸಾವಿರದ ಒಂದು ಭಾಗ, 25.4 ಮೈಕ್ರಾನ್. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಕಾರ್ಖಾನೆಯವರು ನನ್ನ ಬಳಿ ಇಂಥ ನಕಾಶೆ ತಂದಿದ್ದರು. ಬಣ್ಣದ ಪದರ 3 ಮಿಲ್ ಎಂದಿದ್ದುದನ್ನು ಅವರು ಮೂರು ಮಿಲಿಮೀಟರ್ ಎಂದು ಓದಿದ್ದರು. ಬೇಕಾಗಿದ್ದುದು 76 ಮೈಕ್ರಾನ್. ಮೂರು ಮಿಲಿಮೀಟರ್ ದಪ್ಪದ ಬಣ್ಣ ತಗಡಿನ ಮೇಲೆ ನಿಲ್ಲುವುದೇ ಇಲ್ಲವಲ್ಲ ಎಂದು ಬಣ್ಣ ಬಳಿಯುವ ಹುಡುಗ ಹಟ ಹಿಡಿದದ್ದರಿಂದ ತಪ್ಪು ಬೆಳಕಿಗೆ ಬಂತು. ಆ ಹುಡುಗನ ಬಗ್ಗೆ ನನಗೆ ಇಂದಿಗೂ ಗೌರವ. ಇನ್ನೊಂದು ಗೊಂದಲ ಎನ್ ಮತ್ತು ಎಂ ಎಂಬ ಎರಡು ಇಂಗ್ಲಿಷ್ ಅಕ್ಷರಗಳದ್ದು. ನ್ಯಾನೋಮೀಟರಿಗೂ ಅವೇ, ಹಡಗಿನವರ ನಾಟಿಕಲ್ ಮೈಲಿಗೂ ಹಲವರು ಅವನ್ನೇ ಬರೆಯುತ್ತಾರೆ. ನಾಟಿಕಲ್ ಮೈಲಿ 1,852 ಮೀಟರ್. ಪರಿವರ್ತಕದಲ್ಲಿ ಪಟ್ಟಿಯಿಂದ ಆಯ್ಕೆ ಮಾಡುವಾಗ ಪೂರ್ಣ ಹೆಸರು ಓದಿ.

ಇನ್ನು ನಿಮ್ಮ ಹೊಲದ ಟಿಪ್ಪಣಿ. ಬೆಳಗಾವಿ, ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು, ಬಾಗಲಕೋಟೆ ವಿಜಯಪುರ ಜಿಲ್ಲೆಯ ಒಳಗೇ ಇತ್ತು. ಆ ಪ್ರಾಂತ್ಯದ ಮೋಜಣಿಯಲ್ಲಿ (ಭೂಮಾಪನದಲ್ಲಿ) ಬಳಸಿದ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಒಂದು ಆಣೆ ಎಂದರೆ 24.75 ಇಂಚು, 62.9 ಸೆಂಟಿಮೀಟರ್. 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಆದ್ದರಿಂದ 12 ಸರಪಳಿ 6 ಆಣೆ ಎಂದರೆ 12.375 ಸರಪಳಿ, 408.375 ಅಡಿ, 124.47 ಮೀಟರ್. ಮೋಜಣಿದಾರರು ಆಣೆಗಿಂತ ಸಣ್ಣದನ್ನು ಬರೆದಿಲ್ಲವಾದ್ದರಿಂದ ಅರ್ಧ ಆಣೆ, ಅಂದರೆ ಹೆಚ್ಚುಕಡಿಮೆ ಒಂದು ಅಡಿ, ಅತ್ತಿತ್ತ ಆಗಬಹುದು. 124.5 ಮೀಟರ್ ಎಂದು ಬರೆದುಕೊಳ್ಳಿ, ಅದಕ್ಕಿಂತ ಮುಂದೆ ಹೋಗಬೇಡಿ. ಟೇಪು ಹಿಡಿದು ಬದುವಿಗೆ ಹೋದಾಗ 124.3 ಬಂದರೆ ಪಕ್ಕದ ಹೊಲದವರೊಡನೆ ಜಗಳಕ್ಕೆ ನಿಲ್ಲುವ ಕಾರಣವಿಲ್ಲ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ. ಪುಸ್ತಕಗಳಲ್ಲಿಯೂ ಪರಿವರ್ತಕಗಳಲ್ಲಿಯೂ ಸರಪಳಿ ಎಂದರೆ ಗುಂಟರ್ ಎಂಬಾತ ಹದಿನೇಳನೆಯ ಶತಮಾನದಲ್ಲಿ ಬಳಕೆಗೆ ತಂದ 66 ಅಡಿಯ ಸರಪಳಿ, ಅದಕ್ಕೆ ನೂರು ಕೊಂಡಿ. ನಿಮ್ಮ ಟಿಪ್ಪಣಿಯ ಸಂಖ್ಯೆಯನ್ನು ಅಲ್ಲಿ ಹಾಕಿದರೆ 249 ಮೀಟರ್ ಬರುತ್ತದೆ. ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಯಾವ ಸರಪಳಿ ಎಂದು ಪರೀಕ್ಷಿಸುವ ದಾರಿ ನಿಮ್ಮ ಉತಾರದಲ್ಲಿಯೇ (ಪಹಣಿಯಲ್ಲಿಯೇ) ಇದೆ. ಹೊಲ ಸುಮಾರು ಆಯತಾಕಾರವಾಗಿದ್ದರೆ ಉದ್ದ ಅಗಲಗಳನ್ನು ಸರಪಳಿಯಲ್ಲಿಯೇ ಗುಣಿಸಿ. ಅಗಲ 8 ಸರಪಳಿ ಎಂದುಕೊಳ್ಳಿ, 12.375ರಿಂದ ಗುಣಿಸಿದರೆ 99. ಉತಾರದಲ್ಲಿ 2 ಎಕರೆ 19 ಗುಂಟೆ ಎಂದಿದ್ದರೆ 99 ಗುಂಟೆಯೇ ಆಯಿತು, ಸರಪಳಿ 33 ಅಡಿಯದೇ. ನಾಲ್ಕು ಪಟ್ಟು ವ್ಯತ್ಯಾಸ ಕಂಡರೆ ಮಾತ್ರ ಮೋಜಣಿ ಕಚೇರಿಯಲ್ಲಿ ವಿಚಾರಿಸಿ.

ಫಲಕಕ್ಕೆ ಒಂದು ಸಲಹೆ. ನಡುವೆ ನಮ್ಮ ಊರುಗಳ ವಸ್ತುಗಳಿರಲಿ. ಇಳಕಲ್ ಸೀರೆಯ ರೇಷ್ಮೆಯ ಒಂಟಿ ಎಳೆ ಸುಮಾರು 10 ಮೈಕ್ರಾನ್, ಅದೇ ಒಂಬತ್ತು ವಾರದ ಸೀರೆಯ ಉದ್ದ 8.23 ಮೀಟರ್, ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಆಮೇಲೆ ಬಾದಾಮಿಯಿಂದ ಪಟ್ಟದಕಲ್ಲಿನ ದಾರಿ. ಒಂದೇ ಸೀರೆಯಲ್ಲಿ ಎಂಟು ಲಕ್ಷ ಪಟ್ಟಿನ ಅಂತರ ಕಾಣುವುದು ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಕೊನೆಯದಾಗಿ, ನಿಮ್ಮ ಹತ್ತಿರ ವರ್ನಿಯರ್ ಇದ್ದೇ ಇರುತ್ತದೆ. ಕಿರಾಣಿ ಅಂಗಡಿಯಿಂದ ಒಂದು ಹಿಡಿ ಜವೆಗೋಧಿ ತಂದು, ಎಂಟು ಕಾಳುಗಳನ್ನು ಹೊಟ್ಟೆಗೆ ಹೊಟ್ಟೆ ತಾಗುವಂತೆ ಸಾಲಾಗಿ ಜೋಡಿಸಿ ಮಗಳಿಂದಲೇ ಅಳೆಯಿಸಿ. ಬೇರೆ ಬೇರೆ ಕಾಳುಗಳಿಂದ ಹತ್ತು ಸಲ ಮಾಡಲಿ. ನಂತರ ಮನೆಯಲ್ಲಿರುವ ಎಲ್ಲರ ನಡುಬೆರಳಿನ ನಡುಗಂಟಿನ ಅಗಲ ಬರೆದುಕೊಳ್ಳಲಿ. ಪ್ರತಿಯೊಂದನ್ನೂ 7,68,000ರಿಂದ ಗುಣಿಸಿದರೆ ಮನೆಯ ಪ್ರತಿಯೊಬ್ಬರ ಯೋಜನವೂ ಸಿಗುತ್ತದೆ. ನನ್ನ ಬೆರಳು 18.6 ಮಿಲಿಮೀಟರ್, ನನ್ನ ಯೋಜನ 14.3 ಕಿಲೋಮೀಟರ್. ಅಜ್ಜಿಯ ಯೋಜನ, ಅಪ್ಪನ ಯೋಜನ, ಜವೆಯ ಯೋಜನ ಎಂದು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಆಂಗ್‌ಸ್ಟ್ರಾಂ ಲೆಕ್ಕ ಎರಡೇ ಅಂಕಿಗಳಲ್ಲಿ ಇರಲಿ.